ಅ ಮಾರ್ಕಿನ ಕ್ರೇಟು

ಬಾಕಿ ವಸೂಲಿಗೆ ಅಂತಲೇ ನನ್ನನ್ನು ಕಳಿಸಿದ್ದು.
ಕೋಲಾರದ ನಮ್ಮ ಮಂಡಿಯಲ್ಲಿ ಪಾಸ್‌ಪೋರ್ಟ್ ಇದ್ದವನು ನಾನೊಬ್ಬನೇ,
ಅದೂ ಎಂಟು ವರ್ಷದ ಹಿಂದೆ ಕುವೈತಿಗೆ ಹೋಗುತ್ತೇನೆಂದು ಮಾಡಿಸಿ
ಹೋಗದೆ ಟ್ರಂಕಿನಲ್ಲಿ ಉಳಿದದ್ದು.
‘ಢಾಕಾ ಏನು ಮಹಾ ದೂರ, ಚಲಪತಿ?
ನಮ್ಮ ಟೊಮೆಟೊ ಹೋಗ್ತದೆ, ನಿನ್ನ ಕೈಲಾಗಲ್ವ?’
ಅಂದರು ಅಬ್ಬಯ್ಯಣ್ಣ, ತೂಕದ ಕಾಟಾದ ಮೇಲೆ ಕೂತು.
ಎಂಬತ್ತೊಂದು ಕೇಜಿ ತೋರಿಸುತ್ತಿತ್ತು.

ನೀರು ಅಂದರೆ ನಮಗೆ ಕೆಳಗಿರುವುದು.
ಸಾವಿರದೈನೂರು ಅಡಿ, ಪೈಪಿನ ಮೇಲೆ ಪೈಪು,
ಕಿವಿಯಿಟ್ಟು ಕಾಯುವುದು.
ಬಸ್ಸು ಸೇತುವೆ ಹತ್ತಿತು. ನೀರು ಬಂತು.
ಕಡಲೆಕಾಯಿ ಪೊಟ್ಟಣ ಖಾಲಿಯಾಯಿತು, ಇನ್ನೂ ನೀರೇ.
ಪಕ್ಕದವನು ಹೊಸದಾಗಿ ಮದುವೆಯಾದವನು ಹೆಂಡತಿಯ ಹೆಸರು ಹೇಳುವಂತೆ
ಮೆಲ್ಲಗೆ ಹೇಳಿದ: ಪದ್ಮಾ.
ನಮ್ಮ ಅತ್ತಿಗೆಯ ಹೆಸರೂ ಅದೇ. ಹೇಗೆ ತಿಳಿಸುವುದು?
ಸುಮ್ಮನೆ ನಕ್ಕೆ.

ಆಮೇಲೆ ಊರು ಶುರುವಾಯಿತು.
ಶುರುವಾದದ್ದು ಕಂಡಿತು, ಕೊನೆ ಕಾಣಲಿಲ್ಲ.
ಮೊದಲ ಮಳೆಗೆ ಬೀದಿದೀಪಕ್ಕೆ ಈಸುಳ್ಳಿ ಮುತ್ತುತ್ತಾವಲ್ಲ,
ಹಾಗೆ ರಿಕ್ಷಾಗಳು.
ಒಂದೊಂದರ ಬೆನ್ನಿಗೂ ನವಿಲು, ವಿಮಾನ,
ಕಣ್ಣು ಹೊರಳಿಸುವ ಹೀರೊಯಿನ್ನು,
ಒಂದರ ಮೇಲೆ ಹುಲಿಯೇ ಸೈಕಲ್ಲು ತುಳಿಯುತ್ತಿತ್ತು.
ಮಾಳಿಗೆಯ ಮೇಲೆ ಮಾಳಿಗೆ, ಅದರ ಮೇಲೆ ಒಣಹಾಕಿದ ಲುಂಗಿ,
ಲುಂಗಿಯ ಮೇಲೆ ಅಷ್ಟೇ ಅಷ್ಟು ಆಕಾಶ.
ರಸ್ತೆ ದಾಟಲು ನಿಂತೆ.
ನಿಂತೇ ಇದ್ದೆ.
ತಲೆಯ ಮೇಲೆ ಬಾತುಕೋಳಿ ಬುಟ್ಟಿ ಹೊತ್ತ ಮುದುಕಿಯೊಬ್ಬಳು
ನನ್ನ ಮೊಣಕೈ ಹಿಡಿದು, ಹೆದರಿದ ಕರುವನ್ನು ದಾಟಿಸುವಂತೆ ದಾಟಿಸಿ
ತಿರುಗಿಯೂ ನೋಡದೆ ಹೋದಳು.
ಬಾತುಗಳು ನೋಡಿದವು.

ರಾತ್ರಿ ಎರಡಕ್ಕೆ ಬಜಾರು.
ನಮ್ಮ ಯಾರ್ಡಿನಂಥವು ಹತ್ತಾದರೂ ಹಿಡಿಸುವ ಜಾಗ.
ಬುಟ್ಟಿಗೊಬ್ಬರಂತೆ ಹಮಾಲರು ಮಲಗಿದ್ದರು,
ಮೊಣಕಾಲು ಗದ್ದಕ್ಕೆ ತಾಗಿಸಿ, ಹರಾಜಿಗೆ ಇಟ್ಟ ಹಾಗೆ.
ಕನ್ನಡ, ತೆಲುಗು, ಮಂಡಿ ಹಿಂದಿ
ಮೂರೂ ಜೇಬಿನಲ್ಲಿ ಹರಿದ ನೋಟು, ಯಾರೂ ಮುಟ್ಟಲಿಲ್ಲ.
ಅಂಗಿಯೊಳಗಿನ ಬಾಕಿ ಚೀಟಿ ಬೆವರಿಗೆ ಮೆತ್ತಗಾಗಿತ್ತು.
ಕೂಗಬೇಕೆನ್ನಿಸಿತು. ಏನಂತ?

ಆಗ ಕಂಡಿತು ಹಳದಿ ಕ್ರೇಟು, ಬೋರಲು.
ಮೇಲೆ ಕೂತು ಹುಡುಗನೊಬ್ಬ ಬೆಳ್ಳುಳ್ಳಿ ಬಿಡಿಸುತ್ತಿದ್ದ.
ಅವನ ಕಾಲ ಸಂದಿಯಲ್ಲಿ ತಲೆಕೆಳಗಾಗಿ
ಕೆಂಪು ಅ.
ನನ್ನ ಅ. ‘ಕೊಂಡಿ ಉದ್ದ ಎಳೀತೀಯ, ಬಣ್ಣ ದಂಡ’ ಎಂದು
ಅಬ್ಬಯ್ಯಣ್ಣ ದಿನಾ ಬೈಯುವ ಅದೇ ಅ.
ಇಷ್ಟು ಜನರ ನಡುವೆ ನನ್ನ ಕೈಬರಹ
ನನಗಿಂತ ಮೊದಲೇ ಬಂದು ಕೆಲಸಕ್ಕೆ ಸೇರಿಬಿಟ್ಟಿತ್ತು.

‘ಇದು ನಾನು ಬರೆದದ್ದು ಕಣೋ’ ಅಂದೆ, ಕನ್ನಡದಲ್ಲೇ.
ಎದ್ದು ಕ್ರೇಟು ತಿರುಗಿಸಿ ಬೆರಳಿಟ್ಟ.
ಅ, ಅಂದೆ.
ತಲೆಯಾಡಿಸಿದ, ಅಲ್ಲ ಅಂತ.
ಒದ್ದೆ ನೆಲದ ಮೇಲೆ ಬೆಳ್ಳುಳ್ಳಿ ಬೆರಳಿನಿಂದ
ಬೇರೇನೋ ಗೀಚಿ ‘ಒ’ ಅಂದ,
ಒಂದು ಬೆರಳೆತ್ತಿ ತೋರಿಸಿದ: ಇದೇ ಮೊದಲು.
ನಮ್ಮಲ್ಲಿ ಒ ಬರುವ ಹೊತ್ತಿಗೆ
ಮಕ್ಕಳಿಗೆ ಅರ್ಧ ನಿದ್ದೆ ಹತ್ತಿರುತ್ತದೆ.
ಯಾರೋ ಗಾಡಿ ತಳ್ಳಿಕೊಂಡು ಬಂದರು,
ಎರಡು ಚಕ್ರ ಅದರ ಮೇಲೆ ಹಾದವು.

ಬಾಕಿಯಾ? ಅರ್ಧ ಬಂತು.
ಉಳಿದರ್ಧಕ್ಕೆ ಮೀನು ತಿನ್ನಿಸಿ ಅಪ್ಪಿಕೊಂಡರು.
ಮುಳ್ಳು ಎರಡು ದಿನ ಗಂಟಲಲ್ಲೇ ಇತ್ತು.

ಈಗ ಮಂಡಿಯಲ್ಲಿ ಬೆಳಗಿನ ಜಾವ ಮೂರು.
ಅಂತರಗಂಗೆ ಬೆಟ್ಟದ ಕಡೆಯಿಂದ ಚಳಿ ಇಳಿಯುತ್ತಿದೆ.
‘ಹೆಂಗೈತಣ್ಣ ಆ ಊರು?’ ಕೇಳುತ್ತಾರೆ ಲೋಡಿನ ಹುಡುಗರು.
‘ನಮಗೆ ದಿನಾ ಮೂರು ಗಂಟೆ ಆಗ್ತದಲ್ಲ,
ಅಲ್ಲಿ ಆ ಮೂರು ಗಂಟೆ ಮುಗಿಯೋದೇ ಇಲ್ಲ.’
ಅಷ್ಟು ಹೇಳಲು ಬರುತ್ತದೆ. ಬಾತುಗಳ ವಿಷಯ ಹೇಳಿಲ್ಲ.

ಬ್ರಷ್ಷು ಅದ್ದುತ್ತೇನೆ. ಇವತ್ತು ನೂರೆಂಬತ್ತು ಕ್ರೇಟು.
ಕೊಂಡಿಯನ್ನು ಇನ್ನೊಂದು ಬೆರಳು ಉದ್ದವೇ ಎಳೆಯುತ್ತೇನೆ.
ಬೈಯಲಿ.